ಯಾರ ಹಲ್ಲಿನ ಮೇಲೆ ಕೈ ಪಳಗಬೇಕು?

ಬಾರಾಮತಿಯ ಕನ್ನಡ ಮನೆಯೊಂದರ ಹುಡುಗಿಗೆ ಬಿಡಿಎಸ್ ಸೀಟು ಎರಡು ಕಡೆ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಒಂದು, ಪುಣೆಯ ಧನಕವಡಿಯಲ್ಲಿ 1989ರಲ್ಲಿ ಶುರುವಾದ ಭಾರತಿ ವಿದ್ಯಾಪೀಠದ ದಂತ ಕಾಲೇಜು. ಇನ್ನೊಂದು, ಧಾರವಾಡದ ಸತ್ತೂರಿನಲ್ಲಿ 1986ರಿಂದ ಇರುವ ಎಸ್‌ಡಿಎಂ ದಂತ ಕಾಲೇಜು. ಎರಡೂ ಹೆಸರುವಾಸಿ. ಎರಡರಲ್ಲೂ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪುಣೆ ಸುಮಾರು ನೂರು ಕಿಲೋಮೀಟರು. ಧಾರವಾಡಕ್ಕಾದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಬೇಕು. ಮೂಲ ಅಂಕಪಟ್ಟಿಗಳು ಮಾತ್ರ ಒಂದೇ ಒಂದು ಪ್ರತಿ, ಅವನ್ನು ಒಂದೇ ಕಡೆ ಒಪ್ಪಿಸಬೇಕು.

ಆ ಮನೆಯವರು ಮೊದಲು ಮಾಡುವ ಕೆಲಸ ನಮಗೆಲ್ಲ ಗೊತ್ತಿರುವಂಥದ್ದೇ. ಹಾಳೆಯ ನಡುವೆ ಗೆರೆ ಎಳೆದು ಆಚೆ ಈಚೆ ಬರೆಯುತ್ತಾರೆ: ಶುಲ್ಕ, ಹಾಸ್ಟೆಲ್, ರ್‍ಯಾಂಕಿಂಗ್, ಎಂಡಿಎಸ್ ಸೀಟುಗಳು, ಊರಿಗೆ ಬಸ್ಸು. ಬರೆಯಲಿ, ತಪ್ಪಿಲ್ಲ. ಸಾಲ ಮಾಡಿ ಓದಿಸುವ ಮನೆಗೆ ಶುಲ್ಕವೊಂದೇ ಉತ್ತರ ಹೇಳಿಬಿಡಬಹುದು, ಅಲ್ಲಿಗೆ ಮುಗಿಯಿತು. ಆದರೆ ಎರಡೂ ಕೈಗೆಟುಕುವ ಮನೆಯಲ್ಲಿ ಆ ಹಾಳೆ ತುಂಬಿದಷ್ಟೂ ಗೊಂದಲ ಹೆಚ್ಚುತ್ತದೆ. ಇದು ಏಕೆ ಎಂಬುದೇ ನನ್ನ ಪ್ರಶ್ನೆ.

ಗೌತಮನ ನ್ಯಾಯಸೂತ್ರಗಳು ಹೆಸರಿಸುವ ಹದಿನಾರು ಪದಾರ್ಥಗಳಲ್ಲಿ, ಅಂದರೆ ತರ್ಕದ ವಿಷಯಗಳಲ್ಲಿ, ಸಂಶಯ ಮೂರನೆಯದು. ಅದಕ್ಕೆ ನೈಯಾಯಿಕರು ಕೊಡುವ ಉದಾಹರಣೆ ಹಳೆಯದು: ಮಬ್ಬಿನಲ್ಲಿ ನಿಂತದ್ದು ಮೋಟುಮರವೋ ಮನುಷ್ಯನೋ? ಎರಡಕ್ಕೂ ಸಮಾನವಾದ ಎತ್ತರ ಕಾಣುತ್ತದೆ, ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ವಿಶೇಷ ಕಾಣುವುದಿಲ್ಲ. ಹತ್ತಿರ ಹೋದರೆ ಕೈಯೋ ಕೊಂಬೆಯೋ ಕಂಡು ಸಂಶಯ ಕಳೆಯುತ್ತದೆ. ನಮ್ಮ ಮನೆಗಳು ಕಾಲೇಜನ್ನೂ ಹೀಗೇ ನೋಡುತ್ತವೆ. ಇನ್ನೊಬ್ಬ ಸೀನಿಯರನ್ನು ಕೇಳಿದರೆ, ಇನ್ನೊಂದು ಪಟ್ಟಿ ನೋಡಿದರೆ ವಿಶೇಷ ಸಿಕ್ಕೀತು ಎಂದು ಕಾಯುತ್ತವೆ. ಆದರೆ ಇಲ್ಲಿ ಮಬ್ಬೇ ಇಲ್ಲ. ಎರಡೂ ಕಾಲೇಜು ಹಗಲಿನಷ್ಟು ಸ್ಪಷ್ಟವಾಗಿ ಕಂಡಮೇಲೂ ಸಂಶಯ ಉಳಿಯುತ್ತದೆ.

ಹಾಗಾದರೆ ಎರಡೂ ಸಮ, ನಾಣ್ಯ ಚಿಮ್ಮಿದರಾಯಿತು ಎನ್ನುವವರಿದ್ದಾರೆ. ಇದಕ್ಕೆ ತತ್ತ್ವಜ್ಞಾನಿ ರೂತ್ ಚಾಂಗ್ ಚರ್ಚಿಸಿರುವ ಒಂದು ಪರೀಕ್ಷೆ ಇದೆ. ಪುಣೆಯ ಶುಲ್ಕದಲ್ಲಿ ಹತ್ತು ಸಾವಿರ ಇಳಿಯಿತು ಅನ್ನಿ. ಎರಡೂ ನಿಜವಾಗಿ ಸಮವಾಗಿದ್ದರೆ ಆ ಹತ್ತು ಸಾವಿರಕ್ಕೆ ತಕ್ಕಡಿ ಪುಣೆಯ ಕಡೆ ವಾಲಲೇಬೇಕಿತ್ತು. ವಾಲುವುದಿಲ್ಲ, ಹುಡುಗಿ ಮೊದಲಿನಷ್ಟೇ ಯೋಚಿಸುತ್ತ ಕೂರುತ್ತಾಳೆ. ಅಂದಮೇಲೆ ಇವು ಒಂದಕ್ಕಿಂತ ಒಂದು ಮೇಲೂ ಅಲ್ಲ, ಕೆಳಗೂ ಅಲ್ಲ, ಸಮವೂ ಅಲ್ಲ. ಬೇರೆ ಬೇರೆ ಬಗೆಯ ಒಳಿತುಗಳು. ಇಂಥಲ್ಲಿ ನಾಣ್ಯ ಚಿಮ್ಮುವುದೆಂದರೆ, ನಾನು ಹೇಳಬೇಕಾದ ಮಾತನ್ನು ನಾಣ್ಯದ ಬಾಯಲ್ಲಿ ಹೇಳಿಸುವುದು. ಚಾಂಗ್ ಹೇಳುವಂತೆ, ಇಂಥ ಕಡೆ ಮನುಷ್ಯ ತಾನು ಯಾವುದರ ಪರ ನಿಲ್ಲುತ್ತೇನೆ ಎಂದು ತೀರ್ಮಾನಿಸಿ ಕಾರಣವನ್ನು ತಾನೇ ಹುಟ್ಟಿಸಬೇಕು.

ನನಗೆ ಇದು ಮುಕ್ಕಾಲು ಭಾಗ ಒಪ್ಪಿಗೆ. ಆದರೆ ಕಾರಣವನ್ನು ನಾವೇ ಹುಟ್ಟಿಸುತ್ತೇವೆ ಎಂಬ ಮಾತಿನಲ್ಲಿ ಆರಿಸುವವರೊಬ್ಬರೇ ಕಾಣುತ್ತಾರೆ. ದಂತ ವೈದ್ಯಕೀಯದಲ್ಲಿ ಇನ್ನೊಬ್ಬರೂ ಇದ್ದಾರೆ, ಕುರ್ಚಿಯ ಮೇಲೆ ಬಾಯಿ ತೆರೆದು ಕೂತವರು.

ಈ ಓದು ಹೇಗೆ ನಡೆಯುತ್ತದೆ ನೋಡಿ. ಮೊದಲೆರಡು ವರ್ಷ ಮೇಣದಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟರಿನ ಅಚ್ಚು ಎರೆಯುವುದು, ಕಿತ್ತ ಹಲ್ಲುಗಳನ್ನು ಊರಿನ ಕ್ಲಿನಿಕ್ಕುಗಳಿಂದ ಬಾಟಲಿಯಲ್ಲಿ ಸಂಗ್ರಹಿಸಿ ಅವುಗಳ ಮೇಲೆ ಕೊರೆದು ಕಲಿಯುವುದು. ಮೂರನೆಯ ವರ್ಷದಿಂದ ಜೀವಂತ ಬಾಯಿ. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಹಲ್ಲುಸೆಟ್ಟು ಮಾಡಿ ಮುಗಿಸಬೇಕು ಎಂದು ಲೆಕ್ಕವಿರುತ್ತದೆ. ವಿದ್ಯಾರ್ಥಿಗಳು ಅದನ್ನು ಕೋಟಾ ಎನ್ನುತ್ತಾರೆ. ಕೋಟಾ ತುಂಬಲು ರೋಗಿ ಬೇಕು. ಬರುವವರು ಯಾರು? ಖಾಸಗಿ ಕ್ಲಿನಿಕ್ಕಿಗೆ ಹೋಗಲು ಕೈಯಲ್ಲಿ ಹಣವಿಲ್ಲದವರು. ಒಂದು ಪೂರ್ತಿ ಸೆಟ್ಟಿಗೆ ಅಳತೆ, ಕಚ್ಚುವಿಕೆಯ ಗುರುತು, ಮೇಣದ ಮೇಲಿನ ಹಲ್ಲು ಹಾಕಿ ನೋಡುವುದು, ಕೊನೆಗೆ ಕೊಡುವುದು ಎಂದು ಮತ್ತೆ ಮತ್ತೆ ಕರೆಸಬೇಕು. ಹಲ್ಲಿಲ್ಲದ ಅಜ್ಜಿ ಕೂಲಿ ಬಿಟ್ಟು, ಬಸ್ಸು ಹತ್ತಿ ಪ್ರತಿಸಲವೂ ಬರುತ್ತಾಳೆ. ನಡುಗುವ ಕೈಯ ಮೊದಲ ಇಂಜೆಕ್ಷನ್ ದವಡೆಯ ನರದ ಹತ್ತಿರ ಇಳಿಯುವಾಗ ಸಹಿಸಿಕೊಳ್ಳುವವರೂ ಅವಳಂಥವರೇ. ಡಾಕ್ಟರ ಕೈಗುಣ ಎಂದು ನಾವು ಮುಂದೆ ಹೊಗಳುವುದು ಇಂಥವರ ಬಾಯಲ್ಲಿ ಪಳಗಿದ್ದು. ಕಾಲೇಜಿನ ಆಯ್ಕೆಯೆಂದರೆ ನಾನು ಯಾರಿಗೆ ಋಣಿಯಾಗುತ್ತೇನೆ ಎಂಬುದರ ಆಯ್ಕೆ. ಹಾಳೆಯ ಎರಡೂ ಬದಿಯಲ್ಲಿ ಈ ಸಾಲು ಇರುವುದಿಲ್ಲ.

ಆ ಬಾಯಿಗಳೂ ಊರಿಂದ ಊರಿಗೆ ಬೇರೆ. ಗದಗ, ಮುಂಡರಗಿ ಕಡೆಯ ನೀರಿನ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಕಲೆಯಾಗಿ ಧಾರವಾಡದ ಕುರ್ಚಿಗೆ ಬರುತ್ತದೆ. ಸೀಳುತುಟಿಯ ಮಕ್ಕಳ ಶಸ್ತ್ರಚಿಕಿತ್ಸೆಗೂ ಸತ್ತೂರು ಹೆಸರಾದ ಜಾಗ. ಪುಣೆ ಕಡೆ ಹುರಿದ ತಂಬಾಕಿನ ಮಿಸ್ರಿಯಲ್ಲಿ ಹಲ್ಲುಜ್ಜುವ ಹಳ್ಳಿಯ ಹೆಂಗಸರಿದ್ದಾರೆ. ಗುಟ್ಕಾ ತಿಂದು ಬಾಯಿ ತೆರೆಯಲಾಗದ ಹುಡುಗರು ಎರಡೂ ಕಡೆ ಇದ್ದಾರೆ.

ಭಾಷೆಯ ವಿಷಯಕ್ಕೆ ಬರೋಣ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ ಮಕ್ಕಳನ್ನು ಕರ್ನಾಟಕದ ಪ್ರವೇಶ ನಿಯಮ ಗಡಿನಾಡಿನವರೆಂದು ಗುರುತಿಸುತ್ತದೆ. ಬಾರಾಮತಿ ಆ ಪಟ್ಟಿಯಲ್ಲಿಲ್ಲ, ನಮ್ಮ ಹುಡುಗಿ ಹೊರನಾಡಿನವಳು. ಗಡಿನಾಡು, ಹೊರನಾಡು ಎಂದು ಸೀಟು ಕೇಳುವ ಇಬ್ಬರಿಗೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕನ್ನಡ ಪರೀಕ್ಷೆ ಇಡುತ್ತದೆ. ಪರೀಕ್ಷೆ ಪಾಸಾಗುವುದು ಬೇರೆ. ಬಾಯಲ್ಲಿ ಹತ್ತಿ ತುರುಕುವ ಮೊದಲು ನೋವು ಯಾವಾಗ, ಎಲ್ಲಿ, ಹೇಗೆ ಎಂದು ನವಲಗುಂದದ ರೈತನಿಂದ ಹೇಳಿಸಿಕೊಳ್ಳುವುದು ಬೇರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡಿ ಬೆಳೆದವಳಿಗೆ ಇಂದೇ ಸಲೀಸಾಗಿರುವುದು ಬಹುಶಃ ಮರಾಠಿ. ಆದ್ದರಿಂದ ಭಾಷಾಭಿಮಾನದ ಹೆಸರಿನಲ್ಲಿ ಧಾರವಾಡಕ್ಕೇ ಹೋಗು ಎಂದು ಅವಳನ್ನು ಒತ್ತಾಯಿಸುವುದು ನನಗೆ ಸರಿ ಕಾಣದು.

ಬೇಂದ್ರೆಯವರು ಮನೆಮಾತು ಮರಾಠಿಯಾಗಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿಯೂ ಧಾರವಾಡದ ಕವಿಯಾದರಲ್ಲ, ಎಲ್ಲಿ ಓದಿದರೇನು ಎಂದು ಯಾರಾದರೂ ಕೇಳಬಹುದು. ಗಟ್ಟಿ ಆಕ್ಷೇಪವೇ. ಕವಿ ಓದಿದ ಪುಸ್ತಕ ಅವನ ಹಿಂದೆ ಯಾವ ಊರಿಗೂ ಬರುತ್ತದೆ. ದಂತವೈದ್ಯೆಯ ಕೈ ಕಲಿತದ್ದು ಅಲ್ಲಿನ ಜನರ ಮೈಯಿಂದ. ಅವಳು ಊರು ಬಿಟ್ಟಾಗ ಆ ಜನ ಅಲ್ಲೇ ಉಳಿಯುತ್ತಾರೆ, ಬಾಕಿಯೂ ಉಳಿಯುತ್ತದೆ.

ಇನ್ನೊಂದು ಕಷ್ಟವಿದೆ. ತತ್ತ್ವಜ್ಞಾನಿ ಎಲ್. ಎ. ಪಾಲ್ 2014ರ ತಮ್ಮ ಪುಸ್ತಕದಲ್ಲಿ ಎತ್ತಿದ್ದು ಇದನ್ನೇ: ಕೆಲವು ಅನುಭವಗಳು ನಮ್ಮನ್ನೇ ಬದಲಿಸುತ್ತವೆ, ಬದಲಾದ ಮೇಲೆ ನಮಗೆ ಏನು ಹಿಡಿಸುತ್ತದೆಂದು ಮೊದಲೇ ತಿಳಿಯಲಾಗದು. ಹದಿನೆಂಟರ ಹುಡುಗಿ ಐದು ವರ್ಷದ ನಂತರದ ತನ್ನ ಸುಖವನ್ನು ಊಹಿಸಲಾರಳು. ಆದರೆ ಕುರ್ಚಿಯ ಮೇಲೆ ಕೂರುವವರು ಯಾರೆಂಬುದನ್ನು ಇವತ್ತೇ ಹೋಗಿ ನೋಡಬಲ್ಲಳು. ನಿರ್ಧಾರಕ್ಕೆ ನೆಲೆ ಬೇಕಿದ್ದರೆ ಅದನ್ನೇ ಹಿಡಿಯಲಿ.

ನನ್ನನ್ನು ಕೇಳಿದರೆ, ಬಾರಾಮತಿಯಲ್ಲೋ ಇಂದಾಪುರದಲ್ಲೋ ಕಬ್ಬು ಕಡಿಯುವವರ ನಡುವೆ ಕ್ಲಿನಿಕ್ ಇಡುತ್ತೇನೆ ಎನ್ನುವವಳು ಪುಣೆಗೆ ಹೋಗಲಿ; ಆ ಬಾಯಿಗಳ ಕಷ್ಟವನ್ನು ಅಲ್ಲೇ ಕಲಿಯಲಿ. ಅಜ್ಜ ಬಿಟ್ಟುಬಂದ ನಾಡಿಗೆ ಮರಳಿ ದುಡಿಯಬೇಕು ಎನ್ನುವವಳಿಗೆ ಧಾರವಾಡ. ಎರಡೂ ಗೊತ್ತಿಲ್ಲದವಳು ಯಾವ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬರಿಗೆ ಹೆಚ್ಚು ರೋಗಿಗಳು ಸಿಗುತ್ತಾರೋ ಅಲ್ಲಿಗೆ ಸೇರಲಿ.

ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಅಂಕಪಟ್ಟಿ ಒಪ್ಪಿಸುವ ಮೊದಲು ಮಗಳನ್ನು ಎರಡೂ ಕಾಲೇಜುಗಳ ಒಪಿಡಿಗೆ ಕರೆದೊಯ್ಯಿರಿ. ಕಚೇರಿಗೆ ಹೋಗಬೇಡಿ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾಯುತ್ತಿರುವವರ ಪಕ್ಕದಲ್ಲಿ ಒಂದು ಬೆಳಗ್ಗೆ ಅವಳನ್ನು ಕೂರಿಸಿ, ಅವರ ಜೊತೆ ಮಾತಾಡಲು ಬಿಡಿ.