ಮರೆವಿನ ಹೊಣೆ ಯಾರದು?

ಊರಿನಿಂದ ಅಜ್ಜನೋ ಅಜ್ಜಿಯೋ ನಾಸಿಕ್ ರೋಡಿಗೆ ಬಂದಿಳಿದ ವಾರದೊಳಗೆ ನಮ್ಮ ಮನೆಗಳಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಮೊಮ್ಮಗ ಎದುರಿಗೆ ನಿಂತು ತನ್ನ ಹೆಸರು ಹೇಳೆನ್ನುತ್ತಾನೆ. ಅಜ್ಜಿ ಮೊದಲು ಮಗನ ಹೆಸರು, ಆಮೇಲೆ ಊರಲ್ಲಿರುವ ಇನ್ನೊಬ್ಬ ಮೊಮ್ಮಗನ ಹೆಸರು, ಕೊನೆಗೆ ಇವನ ಹೆಸರು ಹೇಳಿ ನಗುತ್ತಾಳೆ. ‘ಮತ್ತ ಮರತ್ಯಾ ಅಜ್ಜಿ?’ ಎಂದು ಹುಡುಗ ಕುಣಿಯುತ್ತಾನೆ. ದೊಡ್ಡವರೂ ನಗುತ್ತಾರೆ. ರಾತ್ರಿ ಗಂಡ ಹೆಂಡತಿ ಮೆಲ್ಲಗೆ, ‘ವಯಸ್ಸಾಯಿತು, ಇನ್ನು ಅವರ ಮಾತನ್ನು ಅಷ್ಟಾಗಿ ನೆಚ್ಚುವ ಹಾಗಿಲ್ಲ’ ಎಂದು ಮಾತಾಡಿಕೊಳ್ಳುತ್ತಾರೆ. ಅಂದಿನಿಂದ ಬ್ಯಾಂಕಿನ ಕಾಗದ, ಮದುವೆಯ ಮಾತುಕತೆ, ಹೊಲದ ವ್ಯವಹಾರ ಯಾವುದರಲ್ಲಿಯೂ ಆ ಹಿರಿಯರನ್ನು ಕೇಳುವುದು ಕಡಿಮೆಯಾಗುತ್ತದೆ. ಒಂದು ಹೆಸರು ತಡವಾಗಿ ಬಂದದ್ದಕ್ಕೆ ಇಷ್ಟು ದೊಡ್ಡ ದಂಡ ನ್ಯಾಯವೇ?

ಮೊದಲು ಸಂಗತಿ ಏನೆಂದು ನೋಡೋಣ. ರೋಗವಿಲ್ಲದ ಸಹಜ ಮುಪ್ಪಿನಲ್ಲಿ ಒಂದೊಂದು ಬಗೆಯ ನೆನಪಿಗೆ ಒಂದೊಂದು ಗತಿ. ನಿನ್ನೆ ಯಾರು ಬಂದಿದ್ದರು, ಕನ್ನಡಕ ಎಲ್ಲಿಟ್ಟೆ ಎಂಬಂಥ ಹೊಸ ಸಂಗತಿಗಳ ಹಿಡಿತ ಸಡಿಲವಾಗುತ್ತದೆ. ಹೆಸರುಗಳು ನಾಲಗೆಯ ತುದಿಗೆ ಬಂದು ನಿಲ್ಲುತ್ತವೆ. ಎಲ್ಲಕ್ಕೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹೆಸರಿಗೇ ಏಕೆ ಈ ಪಾಡು ಎಂದರೆ, ಹೆಸರಿಗೂ ಮನುಷ್ಯನಿಗೂ ಅರ್ಥದ ನಂಟಿಲ್ಲ. ಬಡಿಗ ಎಂದರೆ ಮರ, ಉಳಿ, ಗರಗಸ ಎಲ್ಲ ಜೊತೆಗೇ ಮನಸ್ಸಿಗೆ ಬರುತ್ತವೆ. ರಾಘವೇಂದ್ರ ಎಂಬ ಹೆಸರಿನವನು ಯಾರಾದರೂ ಆಗಬಹುದು. ಇನ್ನು ಪದಸಂಪತ್ತು, ಲೋಕಜ್ಞಾನ, ಕೈಯ ಕಸುಬು, ಇವು ಉಳಿಯುತ್ತವೆ. 1928ರಿಂದ ನೋಟು ಅಚ್ಚಾಗುತ್ತಿರುವ ಊರು ನಮ್ಮದು. ಮುದ್ರಣಾಲಯದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಹಿರಿಯರ ಕೈಗೆ ಒಂದು ಕಟ್ಟು ಕಾಗದ ಕೊಟ್ಟು ನೋಡಿ, ಬೆರಳು ತಾನಾಗಿಯೇ ಎಣಿಸತೊಡಗುತ್ತದೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ವಾರ್ನರ್ ಶಾಯಿ ಎಂಬ ವಿದ್ವಾಂಸರು 1956ರಲ್ಲಿ, ಅಂದರೆ ನಮ್ಮ ನಾಡು ಒಂದಾದ ವರ್ಷದಲ್ಲೇ, ಒಂದು ಅಧ್ಯಯನ ಆರಂಭಿಸಿ, ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ ಬಂದರು. ಇಂದಿನ ಮುದುಕರನ್ನು ಇಂದಿನ ತರುಣರ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಕುಸಿತ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಒಬ್ಬನನ್ನು ಅವನ ಹಿಂದಿನ ಸ್ಥಿತಿಯೊಂದಿಗೇ ಹೋಲಿಸಿದರೆ ಅಷ್ಟಿಲ್ಲ ಎಂಬುದು ಅದರಿಂದ ತಿಳಿದುಬಂತು. ಕನ್ನಡಿಗರಿಗೆ ಇದಕ್ಕೆ ದೂರದ ಸಾಕ್ಷಿ ಬೇಕಿಲ್ಲ. 1913ರಲ್ಲಿ ಹುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 2011ರ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಅವರಿಗೆ 97 ವರ್ಷ. ಎ. ಎನ್. ಮೂರ್ತಿರಾಯರ ‘ದೇವರು’ ಬಂದದ್ದು ಅವರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ. ಎಲ್ಲ ಅಜ್ಜಂದಿರನ್ನೂ ಇವರ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ, ಒಪ್ಪಿದೆ. ಆದರೆ ವಯಸ್ಸೆಂಬ ಒಂದೇ ಕಾರಣಕ್ಕೆ ಮಾತು ನೆಚ್ಚಲಾಗದು ಎನ್ನುವವರಿಗೆ ಇಷ್ಟು ಉತ್ತರ ಸಾಕು.

ನಮ್ಮ ನೈಯಾಯಿಕರು ಸ್ಮೃತಿಯನ್ನು ಪ್ರಮೆಯ ಪಟ್ಟಿಗೆ ಸೇರಿಸಲಿಲ್ಲ. ಬರಿಯ ಸಂಸ್ಕಾರದಿಂದ ಹುಟ್ಟುವ ಜ್ಞಾನ ಸ್ಮೃತಿ ಎಂದು ತರ್ಕಸಂಗ್ರಹದ ಅನ್ನಂಭಟ್ಟ ಹೇಳುತ್ತಾನೆ. ‘ಬರಿಯ’ ಎಂಬ ಮಾತನ್ನು ಅವನು ಬೇಕೆಂದೇ ಹಾಕಿದ್ದಾನೆ. ಕಣ್ಣೆದುರಿಗಿರುವವನನ್ನು ಕಂಡು ‘ಅವನೇ ಇವನು’ ಎಂದು ಗುರುತಿಸುವುದು ಪ್ರತ್ಯಭಿಜ್ಞೆ. ಅಲ್ಲಿ ಸಂಸ್ಕಾರದ ಜೊತೆಗೆ ಕಣ್ಣೂ ಕೆಲಸ ಮಾಡುತ್ತದೆ. ವೃದ್ಧಾಪ್ಯದಲ್ಲಿ ದುರ್ಬಲವಾಗುವುದು ಮುಖ್ಯವಾಗಿ ಮೊದಲನೆಯದು, ಗುರುತು ಹಿಡಿಯುವ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಇಂದಿನ ಮನಶ್ಶಾಸ್ತ್ರವೂ ತೋರಿಸಿದೆ. ಅಜ್ಜಿಗೆ ಮೊಮ್ಮಗನ ಹೆಸರು ತಪ್ಪಿತು, ಮೊಮ್ಮಗ ತಪ್ಪಲಿಲ್ಲ.

ಇದು ವಲಸೆ ಬಂದ ನಮ್ಮಂಥವರಿಗೆ ಹೆಚ್ಚು ತಟ್ಟಬೇಕಾದ ವಿಷಯ. ಟೊರಾಂಟೋದ ಮನಶ್ಶಾಸ್ತ್ರಜ್ಞ ಫರ್ಗಸ್ ಕ್ರೈಕ್ 1980ರ ದಶಕದಲ್ಲಿಯೇ ಹೇಳಿದರು: ವಯಸ್ಸಾದಂತೆ ಒಳಗಿನಿಂದ ನೆನಪನ್ನು ಎಳೆದು ತೆಗೆಯುವುದು ಕಷ್ಟವಾಗುತ್ತದೆ, ಸುತ್ತಲಿನ ಪರಿಸರ ಆಸರೆ ಕೊಟ್ಟರೆ ಸುಲಭವಾಗುತ್ತದೆ. ಧಾರವಾಡದ ಕಡೆಯ ಒಂದು ಓಣಿಯಲ್ಲಿ ಅಜ್ಜಿಗೆ ಎಷ್ಟು ಆಸರೆಯಿತ್ತು, ಎಣಿಸಿ. ಬಾವಿಕಟ್ಟೆ ಕಂಡರೆ ಅಲ್ಲಿ ಜಗಳವಾಡಿದವಳು ನೆನಪಾಗುತ್ತಾಳೆ, ಗುಡಿಯ ಗಂಟೆ ಕೇಳಿದರೆ ವಾರ ನೆನಪಾಗುತ್ತದೆ. ಅವಳನ್ನು ಮೂರನೆಯ ಮಹಡಿಯ ಎರಡು ಕೋಣೆಯ ಮನೆಗೆ ತಂದು ಕೂರಿಸುತ್ತೇವೆ. ಕೆಳಗೆ ಮರಾಠಿ, ಟೀವಿಯಲ್ಲಿ ಹಿಂದಿ, ಮೊಮ್ಮಗನ ಬಾಯಲ್ಲಿ ಇಂಗ್ಲಿಷ್. ಮಾತಿನ ನಡುವೆ ಪದವೊಂದು ಸಿಕ್ಕದೆ ತಡವರಿಸಿದಾಗ ಆ ಪದವನ್ನು ಎತ್ತಿಕೊಡಬಲ್ಲ ಗೆಳತಿ ಇಲ್ಲಿಲ್ಲ. ಮರೆವು ಹೆಚ್ಚಿತು ಎಂದು ನಾವು ವಯಸ್ಸನ್ನು ದೂರುತ್ತೇವೆ. ಆ ಮರೆವಿನಲ್ಲಿ ಒಂದು ಪಾಲು ನಾವು ಹತ್ತಿಸಿದ ರೈಲಿನದು.

ಮರೆವೇ ಅಲ್ಲದ್ದನ್ನು ಮರೆವೆಂದು ಕರೆಯುವುದೂ ಉಂಟು. ಅಜ್ಜ ಔರಂಗಾಬಾದ್ ಎಂದರೆ ಹುಡುಗರು ತಿದ್ದುತ್ತಾರೆ. ಆ ಊರು ಛತ್ರಪತಿ ಸಂಭಾಜಿನಗರವಾದದ್ದು 2023ರಲ್ಲಿ. ಬಿಜಾಪುರ ವಿಜಯಪುರವಾದದ್ದು 2014ರಲ್ಲಿ, ಬಾಂಬೆ ಮುಂಬೈ ಆದದ್ದು 1995ರಲ್ಲಿ. ಎಂಬತ್ತೈದರ ಮುದುಕರು ಹುಟ್ಟಿದ್ದು ಧಾರವಾಡವೂ ನಾಸಿಕವೂ ಮುಂಬಯಿ ಪ್ರಾಂತ ಎಂಬ ಒಂದೇ ಆಡಳಿತದ ಕೆಳಗಿದ್ದ ಕಾಲದಲ್ಲಿ. ಹದಿನಾರಾಣೆಯ ರೂಪಾಯಿ 1957ರಲ್ಲಿ ನೂರು ನಯಾಪೈಸೆಯಾದಾಗ ಅವರಿನ್ನೂ ಹುಡುಗರು. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಮುಪ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮೇಲೆದ್ದು ಬರುತ್ತವೆ ಎನ್ನುತ್ತಾರೆ. ಆಣೆಯ ಲೆಕ್ಕ ಅವರ ಬಾಯಿಗೆ ಬಂದರೆ ಆಶ್ಚರ್ಯವೇನು?

ಹಾಗೆಂದು ಎಲ್ಲವನ್ನೂ ಸಹಜವೆಂದು ತಳ್ಳಿಬಿಡಬಾರದು. ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವುದು ಬೇರೆ, ಬೀಗದ ಕೈ ಏತಕ್ಕೆಂದು ತಿಳಿಯದಿರುವುದು ಬೇರೆ. ದಿನವೂ ನಡೆದ ದಾರಿ ತಪ್ಪಿದರೆ, ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಬಂದರೆ, ನೂರು ಸಲ ಮಾಡಿದ ಹುಳಿಯ ಕ್ರಮ ಕೈತಪ್ಪಿದರೆ ವೈದ್ಯರಲ್ಲಿಗೆ ಹೋಗಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ರೆಯ ಗುಳಿಗೆ, ಇವು ತಂದ ಮರೆವನ್ನು ಎಷ್ಟೋ ಸಲ ಸರಿಪಡಿಸಬಹುದು. ಕಿವಿಯನ್ನೂ ಒಮ್ಮೆ ತೋರಿಸಿ. ಕೇಳಿಸದೇ ಹೋದ ಮಾತು ನೆನಪಿರುವುದು ಹೇಗೆ?

ಇಲ್ಲಿಯವರೆಗೆ ಹಿರಿಯರ ಪಕ್ಷ ವಹಿಸಿದೆ. ಇನ್ನೊಂದು ಮಗ್ಗುಲು ಇದೆ, ಅದು ಇಷ್ಟು ಸುಲಭವಲ್ಲ. ನಲವತ್ತು ವರ್ಷಗಳ ಹಿಂದೆ ಹೊಸ ಸೊಸೆಯನ್ನು ನಾಲ್ವರ ಎದುರು ಹೀಯಾಳಿಸಿದ್ದು, ಅವಳ ತಂದೆಗೆ ಕಾಯಿಲೆಯಾದಾಗ ತವರಿಗೆ ಕಳಿಸದೆ ಇದ್ದದ್ದು ಸೊಸೆಗೆ ನೆನಪಿದೆ. ಎಂಬತ್ತೈದರ ಅತ್ತೆ ಇಂದು, ‘ನಮ್ಮ ಮನೆಯಲ್ಲಿ ಅಂಥದ್ದು ಎಂದೂ ನಡೆದಿಲ್ಲ’ ಎನ್ನುತ್ತಾಳೆ. ಸುಳ್ಳು ಹೇಳುತ್ತಿಲ್ಲ. ನೆನಪು ಪ್ರತಿಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದು ಎಂದು ಕೇಂಬ್ರಿಜ್‌ನ ಬಾರ್ಟ್‌ಲೆಟ್ 1932ರಲ್ಲಿಯೇ ತೋರಿಸಿದ; ವಯಸ್ಸಾದವರ ಮನಸ್ಸು ಹಿತವಾದದ್ದರ ಕಡೆಗೆ ಹೆಚ್ಚು ವಾಲುತ್ತದೆ ಎಂದು ಲಾರಾ ಕಾರ್ಸ್ಟೆನ್ಸನ್ ಮೊದಲಾದವರ ಸಂಶೋಧನೆ ಹೇಳುತ್ತದೆ. ಆಕೆಗೆ ಇದು ನೆಮ್ಮದಿ. ಆದರೆ ಆ ನೆಮ್ಮದಿಯ ಬೆಲೆಯನ್ನು ಸೊಸೆ ತೆರುತ್ತಿದ್ದಾಳೆ, ಏಕೆಂದರೆ ಅವಳ ನೋವಿಗೆ ಈಗ ಸಾಕ್ಷಿಯೇ ಇಲ್ಲದಂತಾಗಿದೆ.

ಪ್ರಾಮಾಣಿಕವಾಗಿ ಮರೆತದ್ದಕ್ಕೆ ಮನುಷ್ಯ ಹೊಣೆಯೇ? ಸಾಲ ತಂದದ್ದನ್ನು ಮರೆತವನು ಕಳ್ಳನಲ್ಲ, ಆದರೆ ಸಾಲ ತೀರಿದಂತೆಯೂ ಅಲ್ಲ. ಸೊಸೆಯ ನೆನಪೂ ನಲವತ್ತು ವರ್ಷ ಕಟ್ಟಿ ಕಟ್ಟಿ ಬಂದದ್ದೇ, ಅದರಲ್ಲಿ ಬಡ್ಡಿ ಸೇರಿರಬಹುದು. ನೆನಪು ಮಾಡಿಕೋ ಎಂದು ಅತ್ತೆಯನ್ನು ಪೀಡಿಸುವುದು ಆಗದ ಕೆಲಸ. ‘ನನಗೆ ನೆನಪಿಲ್ಲ ತಾಯಿ, ನೀ ಹೇಳಿದರೆ ಆಗಿದ್ದೀತು’ ಎಂದು ಒಂದು ಮಾತು ಹೇಳು ಎಂದು ಕೇಳಬಹುದು. ಅದಕ್ಕೆ ಜ್ಞಾಪಕಶಕ್ತಿ ಬೇಕಾಗುವುದಿಲ್ಲ. ಕೆಲವು ಹಿರಿಯರು ಹೇಳುತ್ತಾರೆ, ಹೆಚ್ಚಿನವರು ಹೇಳುವುದಿಲ್ಲ.

ಅಂದು ಆ ಮನೆಯಲ್ಲಿ ಮೂರನೆಯವನೊಬ್ಬನಿದ್ದ. ತಾಯಿಯ ಮಾತೂ ಹೆಂಡತಿಯ ಅಳುವೂ ಎರಡೂ ಅವನ ಕಿವಿಗೆ ಬಿದ್ದಿದ್ದವು. ಈಗ ಅವನಿಗೆ ಅರವತ್ತೇಳು, ಆರೋಗ್ಯ ಚೆನ್ನಾಗಿದೆ, ತನ್ನ ಮೊದಲ ಸಂಬಳ ಎಷ್ಟೆಂದು ಪೈಸೆ ಸಮೇತ ಹೇಳುತ್ತಾನೆ. ಈ ವಿಷಯ ಬಂದಾಗ ಮಾತ್ರ ಪತ್ರಿಕೆಯಿಂದ ತಲೆಯೆತ್ತದೆ, ‘ನನಗೂ ಸರಿಯಾಗಿ ನೆನಪಿಲ್ಲ’ ಎನ್ನುತ್ತಾನೆ. ಈ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಲು ನಾನು ಸಿದ್ಧನಿಲ್ಲ.