ಚಿತ್ರಗ್ರಹಣವೂ ಆದರವೂ

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಡಿಜಿಟಲ್ ಕ್ಯಾಮರಾ ಈಚೆಗೆ ನಮ್ಮ ಮನೆಗೆ ಬಂದಿರುವುದು. ಅದನ್ನು ಹದಿನೈದು ದಿನ ಉಪಯೋಗಿಸಿ ನೋಡಿದಮೇಲೆ ಮನಸ್ಸಿನಲ್ಲಿ ಹುಟ್ಟಿದ ಒಂದು ವಿಚಾರವನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ. ವಿಚಾರವು ಯಂತ್ರದ ಗುಣದೋಷಗಳಿಗಿಂತ ಹೆಚ್ಚಾಗಿ ನಮ್ಮ ನಡತೆಗೆ ಸಂಬಂಧಪಟ್ಟುದು.

ಯಂತ್ರವು ಹಗುರ. ಗುಂಡಿಯನ್ನೊತ್ತಿದ ಕ್ಷಣದಲ್ಲಿಯೇ ಹಿಂಬದಿಯ ಪರದೆಯಮೇಲೆ ಚಿತ್ರವು ಮೂಡುವುದು, ರುಚಿಸದಿದ್ದರೆ ಅಳಿಸಬಹುದು. ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಮಸೂರವೂ ಉಂಟು. ಸದ್ದೇ ಆಗದಂತೆ ಮಾಡಿಕೊಳ್ಳಬಹುದು. ಉಗುರಿನಗಲದ ಒಂದು ಬಿಲ್ಲೆಯಲ್ಲಿ ಸಾವಿರಾರು ಚಿತ್ರಗಳು ಹಿಡಿಯುವುವು. ಇವೆಲ್ಲಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಒಮ್ಮೆ ಯಂತ್ರವನ್ನು ಕೊಂಡಮೇಲೆ ಒಂದೊಂದು ಚಿತ್ರಕ್ಕೆ ಕಾಸಿನ ವೆಚ್ಚವೂ ಇಲ್ಲದಿರುವುದು.

ನಮ್ಮ ಬಾಲ್ಯದಲ್ಲಿ ಹೀಗಿರಲಿಲ್ಲ. ಆಗ ಅನುಕೂಲಸ್ಥರ ಮನೆಗಳಲ್ಲಿ ಕಾಣುತ್ತಿದ್ದ ಆಗ್ಫಾ ಕ್ಲಿಕ್ ೩ ಎಂಬ ಕ್ಯಾಮರಾದಲ್ಲಿ ಒಂದು ಫಿಲಂ ಸುರುಳಿಗೆ ೧೨ ಪಟಗಳು ಮಾತ್ರ. ಹನ್ನೆರಡನ್ನೂ ಮುಗಿಸಿ, ಸುರುಳಿಯನ್ನು ಮಂಡ್ಯದ ಸ್ಟುಡಿಯೋಗೆ ಕೊಟ್ಟು, ತೊಳೆದು ಬರುವವರೆಗೆ ಕಾಯಬೇಕಾಗಿತ್ತು. ಆದುದರಿಂದ ಗುಂಡಿಯನ್ನೊತ್ತುವ ಮೊದಲು ‘ಇದು ಪಟಕ್ಕೆ ತಕ್ಕುದೆ?’ ಎಂದು ಯೋಚಿಸದವರಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನವು ಪ್ರಕಟವಾದ ಹೊಸತರಲ್ಲಿ ಬೆಳಕು ತಗಡಿನಮೇಲೆ ಅಚ್ಚೊತ್ತಲು ಹಲವು ನಿಮಿಷಗಳೇ ಬೇಕಾಗಿದ್ದುವು. ಆ ಕಾಲವು ಕಡಮೆಯಾದ ಮೇಲೆಯೂ ಕುಳಿತವರ ತಲೆ ಅಲುಗದಂತೆ ಹಿಂದೆ ಕಬ್ಬಿಣದ ಆನಿಕೆಯನ್ನು ಇಡುತ್ತಿದ್ದರು. ಕುಳಿತಿರಲು ಒಪ್ಪದವನ ಪಟವನ್ನು ತೆಗೆಯುವುದು ಅಸಾಧ್ಯವೇ ಆಗಿತ್ತು.

ಹೀಗೆ ಯಂತ್ರದ ಎರಡು ಕೊರತೆಗಳು ಎರಡು ಸದ್ಗುಣಗಳನ್ನು ಕಾಯುತ್ತಿದ್ದುವು. ದುಬಾರಿತನವು ತೆಗೆಯುವವನಿಗೆ ಅವಧಾನವನ್ನು ಕಲಿಸಿತು. ನಿಧಾನವು ತೆಗೆಯಿಸಿಕೊಳ್ಳುವವನ ಒಪ್ಪಿಗೆಯನ್ನು ಅವಶ್ಯಮಾಡಿತು. ಕೋಡಕ್ ಸಂಸ್ಥೆಯ ಎಂಜಿನಿಯರು ಸ್ಟೀವನ್ ಸ್ಯಾಸನ್ ೧೯೭೫ರಲ್ಲಿ ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾ, ಹತ್ತು ಸಾವಿರ ಬಿಂದುಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿನ ಪಟ್ಟಿಯಲ್ಲಿ ದಾಖಲುಮಾಡಲು ೨೩ ಸೆಕೆಂಡು ತೆಗೆದುಕೊಂಡಿತು. ಇಂದಿನ ಪುಟ್ಟ ಯಂತ್ರವು ಕೋಟಿಗೂ ಮೀರಿದ ಬಿಂದುಗಳ ಚಿತ್ರವನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ತೆಗೆಯುವುದು. ಫೋನಿನೊಳಗಿನ ಕ್ಯಾಮರಾವೂ ಅಷ್ಟೆ. ಎರಡು ಕೊರತೆಗಳೂ ನೀಗಿದುವು. ಅವು ಕಾಯುತ್ತಿದ್ದ ಎರಡು ಗುಣಗಳ ಗತಿಯೇನು?

ಇಲ್ಲಿ ಪೂರ್ವಪಕ್ಷಿಯ ಮಾತನ್ನು ಕೇಳದೆ ಮುಂದುವರಿಯುವುದು ನ್ಯಾಯವಲ್ಲ. “ಹಿಂದೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮುಖವನ್ನು ಮೊಮ್ಮಕ್ಕಳಿಗೆ ತೋರಿಸಲು ಒಂದು ಪಟವೂ ಇರಲಿಲ್ಲ. ಇಂದು ಮಳವಳ್ಳಿಯ ರೈತನು ಭತ್ತದ ಎಲೆಗೆ ತಗುಲಿದ ರೋಗದ ಚಿತ್ರವನ್ನು ತೆಗೆದು ಮಂಡ್ಯದ ವಿ. ಸಿ. ಫಾರಂನ ತಜ್ಞರಿಗೆ ತೋರಿಸಬಲ್ಲನು. ಸಿರಿವಂತರ ಸೊತ್ತಾಗಿದ್ದುದು ಸರ್ವರದಾಯಿತು. ಇದನ್ನು ಹಳಿಯುವುದು ಮುದುಕರ ಗೊಣಗಾಟ” ಎಂದು ಅವನು ಹೇಳುವನು. ಮೊದಲ ಮೂರು ಮಾತುಗಳನ್ನೂ ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ದುಬಾರಿತನವು ಮರಳಿ ಬರಲೆಂದು ಹಾರೈಸುವವನು ವಿವೇಕಿಯಲ್ಲ. ಆದರೆ ವೆಚ್ಚವು ನಮ್ಮ ಜೇಬಿನಿಂದ ಹೋಗದಿದ್ದ ಮಾತ್ರಕ್ಕೆ ಅದು ಇಲ್ಲವೇ ಇಲ್ಲವೆಂದು ತಿಳಿಯಬಾರದು. ಬೇರೆ ಎರಡು ಕಡೆಗಳಲ್ಲಿ ಅದು ಬೀಳುವುದು.

ಮೊದಲನೆಯದು ತೆಗೆಯುವವನ ನೆನಪು. ಅನುಭವವು ಉಳಿಸಿಹೋಗುವ ಸಂಸ್ಕಾರದಿಂದಲೇ ಸ್ಮೃತಿಯು ಹುಟ್ಟುವುದೆಂಬುದು ನಮ್ಮ ತಾರ್ಕಿಕರ ಮತ. ಆ ಸಂಸ್ಕಾರವು ಬಲಿಯುವುದಕ್ಕೆ ವೈಶೇಷಿಕಾಚಾರ್ಯರಾದ ಪ್ರಶಸ್ತಪಾದರು ಮೂರು ಕಾರಣಗಳನ್ನು ಹೇಳಿರುವರು: ಪಟುತ್ವ, ಅಭ್ಯಾಸ, ಆದರ. ದಕ್ಷಿಣದೇಶದವನು ಮೊದಲ ಸಲ ಒಂಟೆಯನ್ನು ಕಂಡರೆ ಮರೆಯಲಾರನು, ಇದು ಪಟುತ್ವ. ವಿದ್ಯೆಯೂ ಕುಶಲಕಲೆಯೂ ನಿಲ್ಲುವುದು ಅಭ್ಯಾಸದಿಂದ. ಅಪೂರ್ವವಾದುದನ್ನು ಕಾಣಬೇಕೆಂದು ಪ್ರಯತ್ನಪೂರ್ವಕವಾಗಿ ಮನಸ್ಸನ್ನು ನಿಲ್ಲಿಸಿ ನೋಡುವುದೇ ಆದರ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರು ೨೦೧೪ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಪುಷ್ಟಿಕೊಡುವಂತಿದೆ. ವಸ್ತುಸಂಗ್ರಹಾಲಯದಲ್ಲಿ ಜನರು ಬರಿದೆ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದ ವಸ್ತುಗಳು ಅವರ ನೆನಪಿನಲ್ಲಿ ಕಡಮೆಯಾಗಿ ಉಳಿದುವು. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿ, ಹತ್ತಿರಕ್ಕೆ ತಂದು ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ದೋಷವು ಕ್ಯಾಮರಾದ್ದಲ್ಲ, ಆದರದ ಅಭಾವದ್ದು ಎಂದು ಇದರಿಂದ ನನಗೆ ತೋರುವುದು. ಮಳೆಗಾಲದಲ್ಲಿ ಗಗನಚುಕ್ಕಿಗೆ ಬಂದವರು ಕಾವೇರಿಗೆ ಬೆನ್ನುಮಾಡಿ ನಿಂತು, ತಮ್ಮ ಮುಖವನ್ನೇ ಯಂತ್ರಕ್ಕೆ ಒಡ್ಡಿ, ಹತ್ತು ನಿಮಿಷದಲ್ಲಿ ಹೊರಟುಹೋಗುವುದನ್ನು ನೋಡಿದಾಗ, ಅವರು ಮನೆಗೆ ಒಯ್ದುದೇನೆಂದು ಯಾರಿಗಾದರೂ ಸಂದೇಹ ಬಾರದಿರದು.

ವೆಚ್ಚವು ಬೀಳುವ ಎರಡನೆಯ ಕಡೆಯೆಂದರೆ, ಯಾರ ಚಿತ್ರವನ್ನು ತೆಗೆಯುವೆವೋ ಅವರು. ಇದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗಿಂತ ಒಳ್ಳೆಯ ಉದಾಹರಣೆ ಬೇಡ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಚಳಿಗಾಲದಿಂದ ಬೇಸಗೆಯವರೆಗೆ ಈ ಊರಿನ ನಡುವೆಯೇ, ಮನೆಗಳ ಮಗ್ಗುಲಿನ ಹುಣಿಸೆಮರ ಅರಳಿಮರಗಳಲ್ಲಿ ಗೂಡುಕಟ್ಟಿ ಮರಿಮಾಡುವುವು. ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಎಣಿಸುವರು. ಗೂಡಿರುವ ಮರದ ಹುಣಿಸೆಹಣ್ಣನ್ನು ಬಡಿಯದೆ ಬಿಡುವರು. ೨೦೦೭ರಲ್ಲಿ ಇದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಇಲ್ಲಿಗೆ ಬಂದು, ದೂರದಲ್ಲಿ ನಿಂತು, ಕಾದು, ಚಿತ್ರ ತೆಗೆದು ಹೋಗುವವರಿಂದ ಹಕ್ಕಿಗೆ ನಷ್ಟವೇನೂ ಇಲ್ಲ. ಆದರೆ ರೆಕ್ಕೆ ಬಿಚ್ಚಿದ ಭಂಗಿಯೇ ಬೇಕೆಂದು ಒಬ್ಬನು ಚಪ್ಪಾಳೆ ತಟ್ಟಿದನೆನ್ನೋಣ. ತಾಯಿಹಕ್ಕಿ ಗೂಡುಬಿಟ್ಟು ಏಳುವುದು. ಪುಕ್ಕವಿಲ್ಲದ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುವುವು. ತೆಗೆದವನಿಗೆ ಕಾಸೂ ಖರ್ಚಾಗಲಿಲ್ಲ; ತೆತ್ತುದು ಮರಿ. ಅನೇಕ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇಂಥ ಕಾರಣದಿಂದಲೇ.

ಮನುಷ್ಯರ ವಿಷಯದಲ್ಲಿಯೂ ಹೀಗೆಯೇ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯ ಸುಕ್ಕುಗಟ್ಟಿದ ಮುಖ, ಸಾವಿನ ಮನೆಯಲ್ಲಿ ಅಳುವವರ ಮುಖ, ಇವು ಚಿತ್ರಕ್ಕೆ ಚೆನ್ನಾಗಿ ಒದಗುವುವು. ಸದ್ದಿಲ್ಲದ ಯಂತ್ರದಿಂದ ಅವರಿಗೆ ತಿಳಿಯದಂತೆ ತೆಗೆಯಲೂಬಹುದು. ತಿಳಿಯದುದರಿಂದ ಅವರಿಗೆ ನೋವಾಗಲಿಲ್ಲವೆಂದು ವಾದಿಸುವವರುಂಟು. ಮಲಗಿದವನ ಜೇಬಿನಿಂದ ನಾಣ್ಯವನ್ನು ತೆಗೆದರೂ ಅವನಿಗೆ ನೋವಾಗದು. ಅಷ್ಟರಿಂದ ಅದು ಕಳವಲ್ಲದೆ ಹೋಗುವುದೆ?

‘ಬೇಡವಾದರೆ ಅಳಿಸಿದರಾಯಿತು’ ಎಂಬುದು ಈಗಿನವರ ಸಮಾಧಾನ. ತೆಗೆಯುವ ಮುನ್ನ ಆರಿಸುವುದು ಬೇರೆ, ತೆಗೆದ ಮೇಲೆ ಅಳಿಸುವುದು ಬೇರೆ. ಚಿತ್ರವನ್ನು ಅಳಿಸಿದುದರಿಂದ ಬೆದರಿ ಎದ್ದ ತಾಯಿ ಗೂಡಿಗೆ ಮರಳುವುದಿಲ್ಲ. ಮುದುಕಿಯ ಸಂಕೋಚವೂ ಇಲ್ಲವಾಗುವುದಿಲ್ಲ.

ಆದರವೆಂಬ ಶಬ್ದಕ್ಕೆ ಆಚಾರ್ಯರ ವಾಕ್ಯದಲ್ಲಿ ಮನಸ್ಸಿಟ್ಟು ನೋಡುವುದೆಂಬ ಅರ್ಥ. ನಮ್ಮ ಮನೆಮಾತಿನಲ್ಲಿ ಗೌರವದಿಂದ ಕಾಣುವುದೆಂಬ ಅರ್ಥ. ಇವೆರಡೂ ಒಂದೇ ಬೇರಿನ ಎರಡು ಕವಲುಗಳೆಂದು ನಾನು ತಿಳಿಯುತ್ತೇನೆ. ಒಂದು ಮುಖವನ್ನು ಸ್ವಲ್ಪ ಹೊತ್ತು ಮನಸ್ಸಿಟ್ಟು ನೋಡಿದವನಿಗೆ, ಅದರ ಹಿಂದೆ ಒಂದು ಜೀವವಿದೆ, ಅದಕ್ಕೂ ಇಷ್ಟಾನಿಷ್ಟಗಳಿವೆ ಎಂಬುದು ತಾನಾಗಿಯೇ ಕಾಣುವುದು. ಹಿಂದೆ ಫಿಲಂ ಸುರುಳಿಯು ಹೊರಗಿನಿಂದ ವಿಧಿಸುತ್ತಿದ್ದ ನಿಯಮವನ್ನು ಇನ್ನುಮೇಲೆ ನಾವೇ ವಿಧಿಸಿಕೊಳ್ಳಬೇಕಾಗಿದೆ. ಅದು ಕಠಿನವೇನೂ ಅಲ್ಲ. ಮೊದಲು ಬರಿಗಣ್ಣಿನಿಂದ ನೋಡುವುದು. ಎದುರಿಗೆ ಮನುಷ್ಯರಿದ್ದರೆ ‘ತೆಗೆಯಲೇನವ್ವ?’ ಎಂದು ಕೇಳುವುದು. ಬೇಡವೆಂದರೆ ಯಂತ್ರವನ್ನು ಜೇಬಿಗಿಡುವುದು. ಒಪ್ಪಿದರೆ ಒಂದು ಪ್ರತಿಯನ್ನು ಅವರಿಗೂ ತಲಪಿಸುವುದು.

ಬೆಳ್ಳೂರಿನವರು ಹೆಜ್ಜಾರ್ಲೆಗಳನ್ನು ಕ್ಯಾಮರಾದ ಹಂಗಿಲ್ಲದೆ ತಲೆಮಾರುಗಳಿಂದ ನೋಡುತ್ತ ಬಂದಿರುವರು. ಹಕ್ಕಿಗಳೂ ಅವರ ಸೂರಿನ ಮೇಲಣ ಕೊಂಬೆಗಳನ್ನು ಬಿಟ್ಟುಹೋಗಿಲ್ಲ. ಹೊಸ ಕ್ಯಾಮರಾ ಕೊಂಡ ತರುಣರು ಒಮ್ಮೆ ಅಲ್ಲಿಗೆ ಹೋಗಲಿ. ಮೊದಲ ಒಂದು ಗಂಟೆ ಯಂತ್ರವನ್ನು ಚೀಲದಲ್ಲಿಯೇ ಇಟ್ಟು, ಊರವರು ನೋಡುವಂತೆ ನೋಡಲಿ. ಆಮೇಲೆ ತೆಗೆಯುವ ಚಿತ್ರ ಒಂದೇ ಆದರೂ ಸಾಕು.