ಕಣ್ಣಿಗೂ ಅವಧಾನ ಬೇಕು



ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯೇ ಲಕ್ಷಣವೆಂದು ನಮ್ಮ ಹಿರಿಯರು ನಿರ್ಣಯಿಸಿರುವರು. ಅವಧಾನವೆಂದರೆ ಎಚ್ಚರ. ಲಿಂಗಕ್ಕೆ ಅರ್ಪಿಸದುದನ್ನು ಭಕ್ತನು ಸ್ವೀಕರಿಸಲಾಗದು. ಅದು ಅರ್ಪಣಯೋಗ್ಯವೇ ಎಂದು ವಿವೇಚಿಸದೆ ಅರ್ಪಿಸಲಾಗದು. ಈ ನೇಮವನ್ನು ನಾವು ಎಡೆಯ ಮುಂದೆ ಮಾತ್ರ ನೆನೆಯುತ್ತೇವೆ. ಆದರೆ ಇಷ್ಟಲಿಂಗಕ್ಕೆ ರೂಪು, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ ಎಂಬ ಅರ್ಪಿತಕ್ರಮದಲ್ಲಿ ರೂಪಿನದೇ ಮೊದಲ ಸ್ಥಾನ. ರೂಪನ್ನು ಕೊಳ್ಳುವ ಇಂದ್ರಿಯ ಕಣ್ಣು. ನಾಲಗೆಗಿರುವ ನೇಮ ಕಣ್ಣಿಗೆ ಬೇಡವೆ?

ಈ ಪ್ರಶ್ನೆಯು ನನ್ನಲ್ಲಿ ಹುಟ್ಟಿದುದು ಗ್ರಂಥಾವಲೋಕನದಿಂದಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಪಾಠಶಾಲೆಯ ಹಿಂದಿನ ಹೊಲದ ಬದುವಿನಲ್ಲಿ ಹೆಣ್ಣುನವಿಲೊಂದು ಮರಿಗಳೊಡನೆ ಕಾಣಿಸಿಕೊಂಡಿತು. ಒಂದು ಸಂಜೆ ಪ್ರಸಾದನಿಲಯದ ಇಬ್ಬರು ವಿದ್ಯಾರ್ಥಿಗಳು ಆ ಮರಿಗಳತ್ತ ಕಲ್ಲು ಬೀರುತ್ತಿದ್ದರು. ಗದರಿಸಿ ಕೇಳಲಾಗಿ ಹಿರಿಯನು, “ಇವು ಕಾಡುಕೋಳಿ, ಗುರುಗಳೇ. ನವಿಲಾಗಿದ್ದರೆ ಹೊಡೆಯುತ್ತಿದ್ದೆವೆ? ನವಿಲುಮರಿ ಹೇಗಿರುತ್ತದೆಂದು ನಾನು ನೋಡಿದ್ದೇನೆ” ಎಂದನು. ಅವನು ನೋಡಿದುದು ಅಣ್ಣನ ಮೊಬೈಲಿನಲ್ಲಿ. ಆ ಚಿತ್ರವನ್ನು ನಾನೂ ತರಿಸಿ ನೋಡಿದೆನು. ಅಂಗೈಯಷ್ಟು ಮರಿ, ನೀಲಿಯ ಕೊರಳು, ಬೆನ್ನ ಹಿಂದೆ ಬಿಚ್ಚಿದ ಕಣ್ಣುಗರಿಗಳ ಕಲಾಪ! “ಶಿವನ ಸೃಷ್ಟಿ ಎಷ್ಟು ಚೆಲುವು” ಎಂದು ಅನೇಕರು ಕೆಳಗೆ ಬರೆದಿದ್ದರು. ಆದರೆ ಅದು ಶಿವನ ಸೃಷ್ಟಿಯಲ್ಲ. ಕೃತಕ ಬುದ್ಧಿಮತ್ತೆಯೆಂಬ ಯಂತ್ರವು ಹೊಸೆದ ರೂಪು. 2024ರಲ್ಲಿ ಅಂತರ್ಜಾಲದಲ್ಲಿ ನವಿಲುಮರಿಯ ಚಿತ್ರವನ್ನು ಅರಸಿದವರಿಗೆ ಇಂತಹ ಹುಸಿಮರಿಗಳೇ ಹೇರಳವಾಗಿ ಕಾಣಿಸಿ, ದೂರದೇಶಗಳಲ್ಲಿಯೂ ಚರ್ಚೆ ನಡೆದಿತ್ತು.

ನಿಜವಾದ ಮರಿ ಹೇಗಿರುತ್ತದೆ? ನವಿಲು ನೆಲದ ಮೇಲೆಯೇ ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಹೊರಬಂದ ಮರಿಯ ಮೈ ಮಾಸಲು ಕಂದು. ನೆಲದ ಮೇಲೆ ಬಾಳುವ ಎಳೆಯ ಜೀವಕ್ಕೆ ಆ ಮಾಸಲು ಬಣ್ಣವೇ ಕವಚ. ಗಂಡಾದರೂ ಪೂರ್ಣ ಕಲಾಪ ಮೂಡಲು ಸುಮಾರು ಮೂರು ವರ್ಷ ಕಾಯಬೇಕು. ಮೂಡಿದ ಮೇಲೂ ಅದು ವರ್ಷವರ್ಷವೂ ಉದುರಿ ಮರಳಿ ಬೆಳೆಯುವುದು. ಹಾವೇರಿ ಜಿಲ್ಲೆಯ ಬಂಕಾಪುರದ ನವಿಲುಧಾಮವನ್ನು ಕಂಡವರಿಗೂ, ಹೊಲದಲ್ಲಿ ದುಡಿಯುವ ನಮ್ಮ ರೈತರಿಗೂ ಇದು ಹೊಸ ಮಾತಲ್ಲ.

ಯಂತ್ರಕ್ಕೆ ಇದೊಂದೂ ತಿಳಿಯದು. ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳೊಡನಿರುವ ಮಾತುಗಳನ್ನೂ ಅದಕ್ಕೆ ಉಣಿಸಿರುತ್ತಾರೆ. ಯಾವ ಮಾತಿನೊಡನೆ ಯಾವ ರೂಪು ಕೂಡಿಬರುವುದೆಂಬ ಎಣಿಕೆಯೇ ಅದರ ವಿದ್ಯೆ. ನವಿಲೆಂದರೆ ಜನರು ಹೆಚ್ಚಾಗಿ ಚಿತ್ರ ತೆಗೆದಿರುವುದು ಗರಿಬಿಚ್ಚಿದ ಗಂಡನ್ನು. ಮರಿಯೆಂದರೆ ದುಂಡು ಮೋರೆ, ದೊಡ್ಡ ಕಣ್ಣು. ಎರಡನ್ನೂ ಬೆಸೆದು ಅದು ಮುಂದಿಡುತ್ತದೆ. ಆದಕಾರಣ ನಾವು ಅಲ್ಲಿ ಕಾಣುವುದು ನವಿಲನ್ನಲ್ಲ, ನವಿಲಿನ ಬಗೆಗಿನ ನಮ್ಮ ಆಸೆಯನ್ನು.

ಚಿತ್ರಕಾರರೂ ಕಲ್ಪಿಸಲಿಲ್ಲವೇ ಎಂದು ಕೆಲವರು ಕೇಳಬಹುದು. ಅಹುದು. ಆದರೆ ನಮ್ಮ ತಾಯಂದಿರು ಹಾಕಿದ ಕಸೂತಿಯ ನವಿಲು ತಾನು ಕಸೂತಿಯೆಂದೇ ಹೇಳುತ್ತದೆ. ಈ ಹುಸಿಮರಿಯು ತಾನು ನಿಜವೆಂದು ಸಾಕ್ಷಿ ನುಡಿಯುತ್ತದೆ. ದೋಷವಿರುವುದು ಅಲ್ಲಿ.

ಇದರ ಫಲವೇನಾಯಿತು ನೋಡಿರಿ. ಹುಡುಗನ ದಯೆಯು ಇಲ್ಲದ ಮರಿಯ ಪಾಲಾಯಿತು. ಇರುವ ಮರಿಗೆ ಕಲ್ಲು ಉಳಿಯಿತು. ಕಾಡುಕೋಳಿಯೇ ಆಗಿದ್ದರೂ ಕಲ್ಲೆಸೆಯುವುದು ಸಲ್ಲುತ್ತಿತ್ತೆ? ಚೆಲುವಿದ್ದಲ್ಲಿ ಮಾತ್ರ ಹರಿಯುವುದು ದಯೆಯಲ್ಲ, ಕಣ್ಣಿನ ಚಪಲ. ಬಸವಣ್ಣನವರು ಬೋಧಿಸಿದ ದಯೆಯು ಸಕಲ ಜೀವರಾಶಿಗೆ ಸಲ್ಲತಕ್ಕದ್ದು. ಶ್ರೀಶೈಲದ ಹಾದಿಯಲ್ಲಿ ಅಕ್ಕಮಹಾದೇವಿಯವರು ತಮ್ಮ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಹಕ್ಕಿಗಳಲ್ಲಿ ಕೇಳಿದರು. ಇಲ್ಲದ ಹಕ್ಕಿ ಯಾರ ಸುಳಿವು ಕೊಟ್ಟೀತು?

ಆದುದರಿಂದ ಮೂರು ನೇಮಗಳನ್ನು ಬಿನ್ನವಿಸುತ್ತೇನೆ. ಬೆಳಗ್ಗೆ ಕರಸ್ಥಲದಲ್ಲಿ ಇಷ್ಟಲಿಂಗವನ್ನು ನೋಡುವ ಮೊದಲು ಆ ಅಂಗೈಗೆ ಮೊಬೈಲು ಬರಬಾರದು. ದಿನದ ಮೊದಲ ನೋಟ ಲಿಂಗಕ್ಕೆ ಮೀಸಲಿರಲಿ. ಅತಿಚೆಲುವಾದ ಪ್ರಾಣಿಪಕ್ಷಿಗಳ ಚಿತ್ರ ಬಂದರೆ, ಬಲ್ಲವರನ್ನು ಕೇಳಿ ನಿಶ್ಚಯಿಸದೆ ಇನ್ನೊಬ್ಬರಿಗೆ ಕಳುಹಿಸಬಾರದು. ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಹೊಲ, ಕೆರೆ, ಗುಡ್ಡಗಳಿಗೆ ಕರೆದೊಯ್ದು ಇದ್ದುದನ್ನು ಇದ್ದಂತೆ ತೋರಿಸಬೇಕು.

ಮರುದಿನ ಮುಂಜಾನೆ ಆ ಇಬ್ಬರನ್ನೂ ಬದುವಿನ ಬಳಿ ಕೂರಿಸಿಕೊಂಡು ಕಾದೆನು. ತಾಯಿ ಬಂದಿತು, ಮರಿಗಳು ಬಂದವು. ಮೇಲೆ ಹದ್ದಿನ ನೆರಳು ಸುಳಿಯಲು ಮರಿಗಳು ನೆಲಕ್ಕೆ ಅಂಟಿ ಕುಳಿತು ಮಣ್ಣಿನೊಡನೆ ಮಣ್ಣಾದವು. “ಎಲ್ಲಿ ಹೋದವು, ಗುರುಗಳೇ?” ಎಂದು ಹಿರಿಯನು ಪಿಸುಗುಟ್ಟಿದನು. “ಅಲ್ಲಿಯೇ ಇವೆ, ನೋಡು” ಎಂದೆನು. ಬಹಳ ಹೊತ್ತು ನೋಡಿದನು. ಕಂಡಿತು. ಅವನ ಮುಷ್ಟಿ ಬರಿದಾಗಿತ್ತು.

ಶಿವನು ನಮ್ಮೆಲ್ಲರ ಕಣ್ಣಿಗೂ ಅಂತಹ ಅವಧಾನವನ್ನು ಕರುಣಿಸಲಿ. ಶರಣು ಶರಣಾರ್ಥಿ.